ಬಾಗಿಲು ತಟ್ಟುವ ಹತ್ತೊಂಬತ್ತರ ಹುಡುಗ: ಒಬ್ಬ ಮಾರ್ಮನ್ ಪ್ರಚಾರಕನ ಒಂದು ವಾರ

ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರುಪಟ್ಟಿ. ಯಾವಾಗಲೂ ಇಬ್ಬರು, ಒಬ್ಬನೇ ಎಂದೂ ಕಾಣಿಸುವುದಿಲ್ಲ. ವಿದೇಶದಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ರೈಲು ನಿಲ್ದಾಣದಲ್ಲೋ ಬಾಡಿಗೆ ಮನೆಯ ಬಾಗಿಲಲ್ಲೋ ಇವರನ್ನು ಎದುರಾಗುತ್ತಾರೆ. ಊರಿಗೆ ಬಂದಾಗ ನಮ್ಮನ್ನು ಕೇಳುತ್ತಾರೆ: ಇವರು ಯಾರು? ಮೀಸೆ ಚಿಗುರುವ ಪ್ರಾಯದ ಹುಡುಗರನ್ನು ಇಷ್ಟು ದೂರ ಕಳುಹಿಸುವವರು ಯಾರು? ಇವರಿಗೆ ಸಂಬಳ ಎಷ್ಟು? ನಾವು ಇವರೊಂದಿಗೆ ಹೇಗೆ ವರ್ತಿಸಬೇಕು?

ಪ್ರಶ್ನೆ ನ್ಯಾಯವಾದದ್ದು. ಗೊತ್ತಿಲ್ಲದವರ ಬಗ್ಗೆ ಊಹೆ ಮಾಡುವುದಕ್ಕಿಂತ ತಿಳಿದುಕೊಳ್ಳುವುದು ಲೇಸು. ಆದ್ದರಿಂದ ಈ ತಿಂಗಳು ನಾವು ಅಂತಹ ಒಬ್ಬ ಹುಡುಗನ ಒಂದು ವಾರವನ್ನು ಸೋಮವಾರದಿಂದ ಭಾನುವಾರದವರೆಗೆ ಓದುಗರ ಮುಂದಿಡುತ್ತೇವೆ. ಈ ಹುಡುಗ ನಿರ್ದಿಷ್ಟ ವ್ಯಕ್ತಿಯಲ್ಲ. ಅಮೆರಿಕದ ಯೂಟಾ ರಾಜ್ಯದಿಂದ ಜಪಾನಿನ ಕೋಬೆ ನಗರಕ್ಕೆ ಹೋಗುವ ಯಾವುದೇ ಹುಡುಗ ಎಂದು ತಿಳಿಯಿರಿ. ಇವರ ನಿಯಮಗಳು ಎಲ್ಲ ದೇಶಗಳಲ್ಲೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಒಬ್ಬನನ್ನು ತಿಳಿದರೆ ಹಲವರನ್ನು ತಿಳಿದಂತೆ.

ಇವರು ಯಾರು?

ಮಾರ್ಮನ್ ಎಂಬುದು ಜನರು ಇಟ್ಟ ಹೆಸರು. ಇವರ ಸಂಸ್ಥೆಯ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್'. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬವರು ಇದನ್ನು ಸ್ಥಾಪಿಸಿದರು. ದೇವಚರರೊಬ್ಬರು ತೋರಿಸಿಕೊಟ್ಟ ಚಿನ್ನದ ತಗಡುಗಳಿಂದ ಅನುವಾದಿಸಿದ್ದೆಂದು ಅವರು ಹೇಳಿದ ಮಾರ್ಮನ್ ಗ್ರಂಥವನ್ನು ಇವರು ಬೈಬಲಿನೊಂದಿಗೆ ಪವಿತ್ರವೆಂದು ನಂಬುತ್ತಾರೆ. 1844ರಲ್ಲಿ ಜೈಲಿಗೆ ನುಗ್ಗಿದ ಗುಂಪೊಂದು ಸ್ಮಿತ್‌ರನ್ನು ಕೊಂದಿತು. ಹಿಂಸೆ ತಾಳಲಾರದೆ ಅನುಯಾಯಿಗಳು ಪಶ್ಚಿಮಕ್ಕೆ ವಲಸೆ ಹೊರಟು 1847ರಲ್ಲಿ ಈಗಿನ ಸಾಲ್ಟ್ ಲೇಕ್ ಸಿಟಿಯನ್ನು ತಲುಪಿದರು. ಇಂದಿಗೂ ಅದೇ ಇವರ ಕೇಂದ್ರ.

ಇವರು ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳುತ್ತಾರೆ. ಆದರೆ ಇತರ ಚರ್ಚುಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಇವರ ದೀಕ್ಷಾಸ್ನಾನವನ್ನು ಕೆಥೋಲಿಕ್ ಚರ್ಚ್ 2001ರಲ್ಲಿ ಅಸಿಂಧುವೆಂದು ಘೋಷಿಸಿತು. ಅಂತ್ಯಪ್ರವಾದಿಯ ಬಳಿಕ ಇನ್ನೊಬ್ಬ ಪ್ರವಾದಿ ಬರುವುದಿಲ್ಲ ಎಂಬುದು ನಮ್ಮ ವಿಶ್ವಾಸದ ಬುನಾದಿಯಾಗಿರುವುದರಿಂದ ಜೋಸೆಫ್ ಸ್ಮಿತ್‌ರ ವಾದವನ್ನು ನಾವು ಒಪ್ಪುವಂತಿಲ್ಲ. ಇದನ್ನು ಇಲ್ಲಿಯೇ ಸ್ಪಷ್ಟಪಡಿಸಿ ಮುಂದಿನ ವಿಷಯಕ್ಕೆ ಹೋಗೋಣ. ಒಪ್ಪದವರನ್ನು ಅರಿಯಬಾರದು ಎಂದೇನೂ ಇಲ್ಲ.

ಎಲ್ಲಿಗೆಂದು ಗೊತ್ತಿಲ್ಲದ ಪ್ರಯಾಣ

ಇವರಲ್ಲಿ ಹದಿನೆಂಟು ತುಂಬಿದ ಹುಡುಗ ಎರಡು ವರ್ಷಗಳನ್ನು ಪ್ರಚಾರಕ್ಕೆ ಕೊಡಬೇಕೆಂಬುದು ಸಮಾಜದ ದೊಡ್ಡ ನಿರೀಕ್ಷೆ. 2012ಕ್ಕಿಂತ ಮೊದಲು ಕನಿಷ್ಠ ವಯಸ್ಸು 19 ಆಗಿತ್ತು. ಹುಡುಗಿಯರೂ ಹೋಗುತ್ತಾರೆ. ಅವರ ಅವಧಿ ಹದಿನೆಂಟು ತಿಂಗಳು. ಅವರಿಗೆ ಅದು ಕಡ್ಡಾಯ ಕರ್ತವ್ಯವಲ್ಲ, ಅವರವರ ಆಯ್ಕೆ. ಈಗ ಜಗತ್ತಿನಾದ್ಯಂತ ಇಂತಹ 70 ಸಾವಿರಕ್ಕೂ ಹೆಚ್ಚು ಯುವಕ ಯುವತಿಯರು ಏಕಕಾಲದಲ್ಲಿ ಕೆಲಸದಲ್ಲಿದ್ದಾರೆ.

ಅರ್ಜಿ ಹಾಕುವುದು ಹುಡುಗನ ಕೈಯಲ್ಲಿದೆ. ಎಲ್ಲಿಗೆ ಹೋಗಬೇಕೆಂಬುದು ಅವನ ಕೈಯಲ್ಲಿಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಆದೇಶ ಬರುತ್ತದೆ. ಹಿಂದೆ ಅದು ಅಂಚೆಯಲ್ಲಿ ದೊಡ್ಡ ಲಕೋಟೆಯಾಗಿ ಬರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಬರುತ್ತದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ನೆರೆಯವರು ಎಲ್ಲರೂ ಸುತ್ತ ನಿಂತಿರುವಾಗ ಅವನು ಗಟ್ಟಿಯಾಗಿ ಓದುತ್ತಾನೆ. ಬ್ರೆಜಿಲ್ ಇರಬಹುದು, ಘಾನಾ ಇರಬಹುದು, ಪಕ್ಕದ ರಾಜ್ಯವೇ ಇರಬಹುದು. ನಮ್ಮ ಹುಡುಗನ ಪಾಲಿಗೆ ಬಂದದ್ದು ಜಪಾನ್.

ಸಂಬಳದ ಪ್ರಶ್ನೆಗೆ ಉತ್ತರ ಇದು: ಸಂಬಳವೇ ಇಲ್ಲ. ಅಮೆರಿಕದಿಂದ ಹೋಗುವವನು ಅಥವಾ ಅವನ ಮನೆಯವರು ತಿಂಗಳಿಗೆ 500 ಡಾಲರ್ ಸಂಸ್ಥೆಗೆ ಕಟ್ಟಬೇಕು. 2020ರ ಜುಲೈವರೆಗೆ ಅದು 400 ಆಗಿತ್ತು. ದುಬಾರಿ ದೇಶಕ್ಕೆ ಹೋದರೂ ಅಗ್ಗದ ದೇಶಕ್ಕೆ ಹೋದರೂ ಮೊತ್ತ ಒಂದೇ. ಎರಡು ವರ್ಷಕ್ಕೆ 12 ಸಾವಿರ ಡಾಲರ್ ಆಯಿತು. ಎಷ್ಟೋ ಹುಡುಗರು ಶಾಲೆಗೆ ಹೋಗುವಾಗಲೇ ಅಂಗಡಿಯಲ್ಲೋ ಹೊಲದಲ್ಲೋ ದುಡಿದು ಇದಕ್ಕಾಗಿ ಉಳಿತಾಯ ಮಾಡುತ್ತಾರೆ.

ಬಳಿಕ ಯೂಟಾದ ಪ್ರೊವೊ ನಗರದ ತರಬೇತಿ ಕೇಂದ್ರ. ಭಾಷೆ ಗೊತ್ತಿದ್ದವರಿಗೆ ಅಲ್ಲಿ ಕೆಲವೇ ವಾರಗಳ ತರಬೇತಿ. ಜಪಾನಿಯಂತಹ ಕಠಿಣ ಭಾಷೆ ಕಲಿಯಬೇಕಾದವರಿಗೆ ಸುಮಾರು ಒಂಬತ್ತು ವಾರ. ಒಂಬತ್ತು ವಾರದಲ್ಲಿ ಜಪಾನಿ ಭಾಷೆ ಬರುವುದಿಲ್ಲ. ಪ್ರಾರ್ಥನೆ ಹೇಳಲು, ತನ್ನ ಪರಿಚಯ ಮಾಡಿಕೊಳ್ಳಲು ಬರುತ್ತದೆ, ಅಷ್ಟೇ. ಉಳಿದುದನ್ನು ಬೀದಿ ಕಲಿಸುತ್ತದೆ.

ಸೋಮವಾರ: ಮನೆಗೆ ಫೋನ್ ಮಾಡುವ ದಿನ

ಕೋಬೆ ಬಂದರು ನಗರ. ಭಾರತೀಯ ಮುಸ್ಲಿಮ್ ವರ್ತಕರೂ ಸೇರಿ ಕಟ್ಟಿಸಿದ, 1935ರಲ್ಲಿ ತೆರೆದ ಜಪಾನಿನ ಹಳೆಯ ಮಸೀದಿ ಇರುವುದು ಇಲ್ಲಿಯೇ. ಈ ಊರಿನಲ್ಲಿ ನಮ್ಮ ಹುಡುಗ ಇನ್ನೊಬ್ಬ ಪ್ರಚಾರಕನೊಂದಿಗೆ ಸಣ್ಣ ಬಾಡಿಗೆ ಮನೆಯಲ್ಲಿದ್ದಾನೆ. ಈ ಜೊತೆಗಾರನನ್ನು ಅವನು ಆರಿಸಿಕೊಂಡಿಲ್ಲ. ಮೇಲ್ವಿಚಾರಕರು ಕೊಟ್ಟದ್ದು. ಸ್ನಾನಗೃಹ ಬಿಟ್ಟರೆ ಉಳಿದೆಲ್ಲ ಕಡೆ ಇಬ್ಬರೂ ಒಬ್ಬರ ಕಣ್ಣಿಗೆ, ಕಿವಿಗೆ ಇನ್ನೊಬ್ಬರು ಸಿಗುವಂತೆ ಇರಬೇಕು. ಅಪರಿಚಿತ ನಗರದಲ್ಲಿ ಇದು ರಕ್ಷಣೆ. ಒಬ್ಬ ದಾರಿ ತಪ್ಪದಂತೆ ಇನ್ನೊಬ್ಬ ನೋಡಿಕೊಳ್ಳುವ ಕಣ್ಗಾವಲೂ ಹೌದು. ಮನಸ್ಸು ಹೊಂದಿಕೊಂಡರೆ ಸಹೋದರರಂತೆ ಬದುಕುತ್ತಾರೆ. ಹೊಂದದಿದ್ದರೆ ಹಗಲೂ ರಾತ್ರಿ ಬಿಟ್ಟಿರಲಾಗದ ಸಂಕಟ. ಸಾಮಾನ್ಯವಾಗಿ ಆರು ವಾರಗಳಿಗೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಆಗ ಜೊತೆಗಾರನೋ ಊರೋ ಬದಲಾಗಬಹುದು.

ಸೋಮವಾರ ಇವರಿಗೆ ಸಿದ್ಧತೆಯ ದಿನ. ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ಅಕ್ಕಿ ತರಕಾರಿ ತರುವುದು, ಕೂದಲು ಕತ್ತರಿಸಿಕೊಳ್ಳುವುದು ಎಲ್ಲ ಈ ದಿನವೇ. ಮನೆಯಲ್ಲಿ ತಾಯಿ ಮಾಡಿಟ್ಟದ್ದನ್ನು ತಿಂದು ಬೆಳೆದ ಹುಡುಗ ಈಗ ಅನ್ನ ಬೇಯಿಸುತ್ತಾನೆ, ಅಂಗಿಗೆ ಇಸ್ತ್ರಿ ಹಾಕುತ್ತಾನೆ.

ಮನೆಗೆ ಫೋನ್ ಮಾಡುವುದೂ ಈ ದಿನವೇ. 2019ರ ಫೆಬ್ರವರಿಗಿಂತ ಮೊದಲು ಈ ಅವಕಾಶವೂ ಇರಲಿಲ್ಲ. ವರ್ಷಕ್ಕೆ ಎರಡೇ ಬಾರಿ, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ, ಧ್ವನಿ ಕೇಳಬಹುದಿತ್ತು. ಉಳಿದಂತೆ ವಾರಕ್ಕೊಂದು ಇಮೇಲ್. ಈಗ ವಾರಕ್ಕೊಮ್ಮೆ ಮಾತಾಡಬಹುದು, ಮುಖ ನೋಡಬಹುದು. ಗಲ್ಫಿನಲ್ಲಿ ಮಕ್ಕಳಿರುವ ನಮ್ಮ ತಾಯಂದಿರಿಗೆ ಈ ಮಾತುಕತೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆ ಕಡೆಯಿಂದ 'ಊಟ ಸರಿಯಾಗುತ್ತಿದೆಯಾ?' ಎಂಬ ಪ್ರಶ್ನೆ, ಈ ಕಡೆಯಿಂದ 'ಎಲ್ಲ ಚೆನ್ನಾಗಿದೆ' ಎಂಬ ಉತ್ತರ. ಸಂಜೆ ಆರಕ್ಕೆ ಬಿಡುವು ಮುಗಿಯಿತು. ಟೈ ಕಟ್ಟಿಕೊಂಡು ಮತ್ತೆ ಬೀದಿಗೆ.

ಮಂಗಳವಾರದಿಂದ ಶುಕ್ರವಾರ: 'ಬೇಡ' ಎಂಬ ಮಾತು

ಬೆಳಿಗ್ಗೆ ಆರೂವರೆಗೆ ಏಳಬೇಕು. ಪ್ರಾರ್ಥನೆ, ಅರ್ಧ ತಾಸು ವ್ಯಾಯಾಮ, ತಿಂಡಿ. ನಂತರ ಸುಮಾರು ಎರಡು ತಾಸು ಅಧ್ಯಯನ. ಮೊದಲು ಒಬ್ಬನೇ ಗ್ರಂಥ ಓದಬೇಕು, ಆಮೇಲೆ ಜೊತೆಗಾರನೊಂದಿಗೆ. ಇದರ ಮೇಲೆ ಜಪಾನಿ ಭಾಷೆಯ ಪಾಠ ಬೇರೆ. ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಆಯಾ ದೇಶದ ರೂಢಿಗೆ ತಕ್ಕಂತೆ ವೇಳೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಲು 2017ರಿಂದ ಅನುಮತಿಯಿದೆ. ಸಿನಿಮಾ, ಟಿವಿ, ಮನರಂಜನೆಯ ಹಾಡು, ಹೆಣ್ಣುಮಕ್ಕಳೊಂದಿಗೆ ಸುತ್ತಾಟ ಯಾವುದೂ ಇಲ್ಲ. ಮೊಬೈಲ್ ಇದೆ, ಆದರೆ ಪ್ರಚಾರದ ಕೆಲಸಕ್ಕೆ ಮಾತ್ರ.

ಬೆಳಗಿನ ಪಾಠ ಮುಗಿದ ಬಳಿಕ ತಲೆಗೆ ಹೆಲ್ಮೆಟ್ ಹಾಕಿ ಸೈಕಲ್ ಏರುತ್ತಾರೆ. ಜಪಾನಿನ ಮನೆಗಳಲ್ಲಿ ಬಾಗಿಲ ಬಳಿ ಮಾತಾಡುವ ಯಂತ್ರವಿರುತ್ತದೆ, ಹಲವದರಲ್ಲಿ ಕ್ಯಾಮೆರಾ ಕೂಡ. ಒಳಗಿನವರು ಮುಖ ನೋಡಿಯೇ ನಿರ್ಧರಿಸುತ್ತಾರೆ. 'ಕೆಕ್ಕೋ ದೆಸು' ಎಂಬ ಮೆದು ಮಾತು ಕೇಳಿಸುತ್ತದೆ. ಬೇಡ ಎಂದು ಅದರರ್ಥ. ಕೆಲವೊಮ್ಮೆ ಅಷ್ಟೂ ಇಲ್ಲ, ಮೌನವೇ ಉತ್ತರ. ಪಕ್ಕದ ಮನೆ, ಅದರ ಪಕ್ಕದ ಮನೆ. ಮಧ್ಯಾಹ್ನದವರೆಗೆ ಒಂದು ಬಾಗಿಲೂ ತೆರೆಯದ ದಿನಗಳು ಅಪರೂಪವೇನಲ್ಲ.

ಜಪಾನಿನವರ ಈ ಹಿಂಜರಿಕೆಗೆ ಕಾರಣವಿದೆ. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೋ ಎಂಬ ಪಂಥದವರು ಟೋಕಿಯೋದ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟು ಜನರನ್ನು ಕೊಂದರು. 2022ರ ಜುಲೈನಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಗುಂಡಿಕ್ಕಿ ಕೊಂದವನು, ತನ್ನ ತಾಯಿ ಯೂನಿಫಿಕೇಶನ್ ಚರ್ಚಿಗೆ ದೇಣಿಗೆ ಕೊಟ್ಟು ಕೊಟ್ಟು ಮನೆ ಹಾಳಾಯಿತು ಎಂದ. ಇವೆರಡರಲ್ಲೂ ಮಾರ್ಮನ್ನರ ಪಾತ್ರವಿಲ್ಲ. ಆದರೆ ಧರ್ಮದ ಹೆಸರೆತ್ತಿ ಮನೆ ಬಾಗಿಲಿಗೆ ಬರುವ ಪ್ರತಿಯೊಬ್ಬನನ್ನೂ ಜನ ಸಂಶಯದಿಂದ ನೋಡುವಂತಾಯಿತು. ಒಬ್ಬರು ಮಾಡಿದ ಅಪರಾಧಕ್ಕೆ ಸಂಬಂಧವಿಲ್ಲದ ಇನ್ನೊಬ್ಬರು ನೋಟದ ದಂಡ ತೆರುವುದು ಹೇಗಿರುತ್ತದೆ ಎಂಬುದು ನಮ್ಮ ಓದುಗರಿಗೆ ಚೆನ್ನಾಗಿ ತಿಳಿದಿದೆ.

ಹತ್ತೊಂಬತ್ತರ ಈ ಹುಡುಗನನ್ನು ಅಲ್ಲಿ 'ಚೋರೋ' ಎಂದು ಕರೆಯುತ್ತಾರೆ. ಹಿರಿಯ ಎಂದರ್ಥ. ಇಂಗ್ಲಿಷಿನಲ್ಲಿ ಅವನ ಹೆಸರುಪಟ್ಟಿಯಲ್ಲಿರುವ 'ಎಲ್ಡರ್' ಎಂಬ ಪದದ ಜಪಾನಿ ರೂಪ ಇದು. ಎರಡು ವರ್ಷ ಅವನನ್ನು ಯಾರೂ ಸ್ವಂತ ಹೆಸರಿನಿಂದ ಕರೆಯುವುದಿಲ್ಲ, ಮನೆತನದ ಹೆಸರಿಗೆ ಈ ಬಿರುದು ಸೇರಿಸಿ ಕರೆಯುತ್ತಾರೆ.

ಎಂದಾದರೂ ಒಂದು ಮನೆಯ ಅಜ್ಜಿ ಕರುಣೆಯಿಂದ ಒಳಗೆ ಕರೆದಳೆನ್ನಿ. ಕೂರಿಸಿ ಹಸಿರು ಚಹಾ ತಂದಿಡುತ್ತಾಳೆ. ಜಪಾನಿನಲ್ಲಿ ಅತಿಥಿಗೆ ಚಹಾ ಕೊಡದಿರುವುದುಂಟೇ? ಆದರೆ ಹುಡುಗ ಅದನ್ನು ಕುಡಿಯುವಂತಿಲ್ಲ. ಮಾರ್ಮನ್ನರಿಗೆ ಮದ್ಯ, ತಂಬಾಕಿನ ಜೊತೆಗೆ ಚಹಾ, ಕಾಫಿಯೂ ನಿಷಿದ್ಧ. 1833ರಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ನಿಯಮ ಇದು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಜಪಾನಿನಲ್ಲಿ ಬಾರ್ಲಿ ಹುರಿದು ಮಾಡುವ 'ಮುಗಿಚಾ' ಎಂಬ ಪಾನೀಯವಿದೆ. ಅದರಲ್ಲಿ ಚಹಾದ ಎಲೆಯಿಲ್ಲ. ಆದ್ದರಿಂದ ಅದನ್ನು ಕುಡಿಯಬಹುದು. ಹೊಸದಾಗಿ ಬಂದ ಪ್ರಚಾರಕ ಬೇಗನೆ ಕಲಿಯುವ ಮಾತುಗಳಲ್ಲಿ ಇದೂ ಒಂದು. ವಿದೇಶದಲ್ಲಿ ಮಾಂಸದೂಟದ ತಟ್ಟೆಯ ಮುಂದೆ ಹಲಾಲ್ ಬಗ್ಗೆ ಸಂಕೋಚದಿಂದ ವಿಚಾರಿಸಿದ ನಮ್ಮ ಮಕ್ಕಳಿಗೆ ಈ ಪೇಚು ಅರ್ಥವಾಗುತ್ತದೆ.

ಬಾಗಿಲು ತಟ್ಟುವುದೊಂದೇ ಕೆಲಸವಲ್ಲ. ವಾರಕ್ಕೊಮ್ಮೆ ಚರ್ಚಿನಲ್ಲಿ ಉಚಿತ ಇಂಗ್ಲಿಷ್ ತರಗತಿ ನಡೆಸುತ್ತಾರೆ. ಅಲ್ಲಿಗೆ ಬರುವ ಬಹುತೇಕರಿಗೆ ಬೇಕಾದದ್ದು ಇಂಗ್ಲಿಷ್ ಮಾತ್ರ, ಧರ್ಮವಲ್ಲ. ಇದು ಪ್ರಚಾರಕರಿಗೂ ಗೊತ್ತು. ವೃದ್ಧರ ತೋಟದ ಕಳೆ ಕೀಳುವುದು, ಬೀದಿ ಸ್ವಚ್ಛ ಮಾಡುವುದು ಮುಂತಾದ ಸೇವೆಗೂ ಕೆಲವು ತಾಸು ಮೀಸಲು. ವಾರದಲ್ಲೊಂದು ದಿನ ಸುತ್ತಲಿನ ಪ್ರಚಾರಕರೆಲ್ಲ ಸೇರಿ ಅನುಭವ ಹಂಚಿಕೊಳ್ಳುತ್ತಾರೆ. ಇನ್ನೊಂದು ದಿನ ಕುಳಿತು ಮುಂದಿನ ವಾರದ ಯೋಜನೆ ಬರೆಯುತ್ತಾರೆ.

ಶನಿವಾರ ಮತ್ತು ಭಾನುವಾರ

ಯಾರಾದರೂ ಆಸಕ್ತಿ ತೋರಿಸಿದರೆ ಪಾಠಗಳು ಶುರುವಾಗುತ್ತವೆ. ಮಾರ್ಮನ್ ಗ್ರಂಥ ಓದಿ, ಇದು ಸತ್ಯವೇ ಎಂದು ದೇವರಲ್ಲೇ ಪ್ರಾರ್ಥಿಸಿ ಕೇಳಿ ಎನ್ನುತ್ತಾರೆ. ಸೇರಲು ಬಯಸುವವನು ಮದ್ಯ, ತಂಬಾಕು, ಚಹಾ, ಕಾಫಿ ಬಿಡಬೇಕು, ವಿವಾಹದ ಹೊರಗಿನ ಸಂಬಂಧ ಇರಬಾರದು, ಆದಾಯದ ಹತ್ತನೇ ಒಂದು ಭಾಗ ಚರ್ಚಿಗೆ ಕೊಡಲು ಒಪ್ಪಬೇಕು. ಕೆಲಸ ಮುಗಿಸಿ ಸಹೋದ್ಯೋಗಿಗಳೊಂದಿಗೆ ಮದ್ಯ ಕುಡಿಯುವುದೇ ಶಿಷ್ಟಾಚಾರವಾಗಿರುವ ಜಪಾನಿ ನೌಕರನಿಗೆ ಇದು ಸಣ್ಣ ಷರತ್ತಲ್ಲ. ಎಲ್ಲಕ್ಕೂ ಒಪ್ಪಿದ ಅಪರೂಪದ ವ್ಯಕ್ತಿಗೆ ದೀಕ್ಷಾಸ್ನಾನ ನಡೆಯುತ್ತದೆ. ತಿಂಗಳುಗಟ್ಟಲೆ ಪಾಠ ಕೇಳಿ, ಕೊನೆಯ ವಾರ ಫೋನ್ ಎತ್ತದೆ ಮರೆಯಾಗುವವರೇ ಹೆಚ್ಚು.

ಭಾನುವಾರ ಆರಾಧನೆ. 2019ರಿಂದ ಇದನ್ನು ಮೂರು ತಾಸಿನಿಂದ ಎರಡು ತಾಸಿಗೆ ಇಳಿಸಿದ್ದಾರೆ. ಸಂಬಳದ ಪಾದ್ರಿ ಇರುವುದಿಲ್ಲ, ಊರಿನ ಸದಸ್ಯರೇ ಸರದಿಯಂತೆ ಎದ್ದು ಮಾತಾಡುತ್ತಾರೆ. ರೊಟ್ಟಿ ಮತ್ತು ನೀರು ಹಂಚುತ್ತಾರೆ. ಇತರ ಚರ್ಚುಗಳಲ್ಲಿ ಬಳಸುವ ದ್ರಾಕ್ಷಾರಸದ ಬದಲು ನೀರು. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ, ಪಾನೀಯ ಬಿಟ್ಟು ಆ ಊಟದ ಹಣವನ್ನು ಬಡವರ ನಿಧಿಗೆ ಕೊಡುವ ಪದ್ಧತಿ ಇವರಲ್ಲಿದೆ.

ಫಲವೆಷ್ಟು?

ಜಪಾನಿಗೆ ಇವರು ಮೊದಲು ಬಂದದ್ದು 1901ರ ಆಗಸ್ಟ್‌ನಲ್ಲಿ. ಹೀಬರ್ ಗ್ರಾಂಟ್ ಎಂಬ ಹಿರಿಯ ನಾಯಕರ ಜೊತೆಗೆ ಮೂವರು. ಅವರಲ್ಲಿ ಆಲ್ಮಾ ಟೇಲರ್‌ಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ಗ್ರಾಂಟ್‌ರಿಗೆ ಜಪಾನಿ ಭಾಷೆ ಹತ್ತಲಿಲ್ಲ, 1903ರಲ್ಲಿ ಮರಳಿದರು. ಮುಂದೆ ಅವರೇ ಇಡೀ ಚರ್ಚಿನ ಅಧ್ಯಕ್ಷರಾದರು. ಟೇಲರ್ ಮಾತ್ರ ಎಂಟು ವರ್ಷಕ್ಕೂ ಮೀರಿ ಅಲ್ಲಿಯೇ ನಿಂತು, ಭಾಷೆ ಕಲಿತು, ಮಾರ್ಮನ್ ಗ್ರಂಥವನ್ನು ಜಪಾನಿಗೆ ಅನುವಾದಿಸಿದರು. ಅದು 1909ರಲ್ಲಿ ಅಚ್ಚಾಯಿತು. ಆದರೂ ಸೇರಿದವರು ತೀರಾ ಕಡಿಮೆ. 1924ರಲ್ಲಿ ಸಂಸ್ಥೆ ಜಪಾನಿನ ಕೆಲಸವನ್ನೇ ನಿಲ್ಲಿಸಿ ಎಲ್ಲರನ್ನೂ ವಾಪಸು ಕರೆಸಿಕೊಂಡಿತು. ಎರಡನೇ ಮಹಾಯುದ್ಧ ಮುಗಿದ ಬಳಿಕ 1948ರಲ್ಲಿ ಮತ್ತೆ ಶುರುಮಾಡಿದರು. 1980ರಲ್ಲಿ ಟೋಕಿಯೋದಲ್ಲಿ ಏಷ್ಯಾದ ತಮ್ಮ ಮೊದಲ ದೇವಾಲಯವನ್ನು ಕಟ್ಟಿದರು. ಈಗ ಜಪಾನಿನಲ್ಲಿ ದಾಖಲೆಯ ಪ್ರಕಾರ ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಭಾನುವಾರ ತಪ್ಪದೆ ಬರುವವರು ಅದಕ್ಕಿಂತ ಬಹಳ ಕಡಿಮೆ.

ಹಾಗಾದರೆ ಎರಡು ವರ್ಷದ ಈ ದುಡಿಮೆಯಿಂದ ಯಾರು ಬದಲಾದರು? ಬಾಗಿಲ ಒಳಗಿದ್ದವರಲ್ಲಿ ಕೆಲವರು ಮಾತ್ರ. ಹೊರಗೆ ನಿಂತ ಹುಡುಗನಂತೂ ಬದಲಾದ. ಹೊಸ ಭಾಷೆ ಕಲಿತ, ಅಡುಗೆ ಕಲಿತ, ಹೊಂದದ ಮನುಷ್ಯನೊಂದಿಗೆ ಬಾಳುವುದನ್ನು ಕಲಿತ. ದಿನಕ್ಕೆ ನೂರು ಸಲ 'ಬೇಡ' ಕೇಳಿಯೂ ನೂರಾ ಒಂದನೆಯ ಬಾಗಿಲಲ್ಲಿ ನಗುಮುಖದಿಂದ ನಿಲ್ಲುವುದನ್ನು ಕಲಿತ. 2012ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಮಿಟ್ ರಾಮ್ನಿ ಯುವಕನಾಗಿದ್ದಾಗ ದ್ರಾಕ್ಷಾರಸದ ನಾಡಾದ ಫ್ರಾನ್ಸಿನಲ್ಲಿ ಮದ್ಯ ಬಿಡಿ ಎಂದು ಬೋಧಿಸುತ್ತಾ ಬಾಗಿಲು ತಟ್ಟಿದವರೇ.

ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಎಲ್ಲ ಹುಡುಗರೂ ಸ್ವಂತ ಇಚ್ಛೆಯಿಂದಲೇ ಹೋಗುವುದಿಲ್ಲ. ಮನೆಯವರು ಏನೆನ್ನುವರೋ, ಮುಂದೆ ಹೆಣ್ಣು ಸಿಗುವುದೋ ಎಂಬ ಅಳುಕಿನಿಂದ ಹೋಗುವವರೂ ಇದ್ದಾರೆ. ಮನಸ್ಸು ಕುಗ್ಗಿ, ನಿದ್ದೆ ಕೆಟ್ಟು, ಅವಧಿಗೆ ಮೊದಲೇ ಮರಳುವವರಿದ್ದಾರೆ. ವಿಮಾನ ನಿಲ್ದಾಣದಲ್ಲಿ ಎರಡು ವರ್ಷ ಮುಗಿಸಿ ಬಂದವನಿಗೆ ಬಲೂನು, ಬ್ಯಾನರುಗಳ ಸ್ವಾಗತ. ಆರು ತಿಂಗಳಿಗೇ ಬಂದವನು ತಲೆ ತಗ್ಗಿಸಿ ಬರುತ್ತಾನೆ. ಸಂಸ್ಥೆ ಈಗ ಇಂತಹವರಿಗೆ ಸಮಾಲೋಚನೆಯ ನೆರವು ಕೊಡುತ್ತದೆ. ಆದರೂ ಊರಿನ ಮಾತು ಅಷ್ಟು ಬೇಗ ನಿಲ್ಲುವುದಿಲ್ಲ. ಹಿಫ್ಝ್ ಪೂರ್ಣಗೊಳಿಸಲಾಗದೆ ಮದ್ರಸದಿಂದ ಮರಳಿದ ಮಗುವನ್ನು, ಗಲ್ಫಿನಿಂದ ಕೆಲಸ ಬಿಟ್ಟು ಬಂದ ಮಗನನ್ನು ನಾವು ಹೇಗೆ ಬರಮಾಡಿಕೊಳ್ಳುತ್ತೇವೆ? ಅವರ ಊರಿನ ಮಾತು ಕೇಳುವಾಗ ಈ ಪ್ರಶ್ನೆ ನಮ್ಮ ಮನೆಗೂ ಬರುತ್ತದೆ.

ನಮ್ಮ ಬಾಗಿಲಿಗೆ ಬಂದಾಗ

ಇವರು ನಮಗೆ ದೂರದವರೇನಲ್ಲ. ಬೆಂಗಳೂರಿನಲ್ಲಿ 1993ರಿಂದ ಇವರ ಪ್ರಚಾರ ಕೇಂದ್ರವಿದೆ. ಅಲ್ಲಿ ಭಾರತೀಯ ಯುವಕ ಯುವತಿಯರೂ ಇದೇ ದಿನಚರಿಯಲ್ಲಿ ಕೆಲಸ ಮಾಡುತ್ತಾರೆ. ಭಾರತದ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂತಹ ಆರಂಭದ ಕಾರ್ಯಕ್ರಮ ನಡೆಸಿದರು.

ನಮ್ಮ ಊರುಗಳಿಂದ ಮೂರು ದಿನ, ನಲವತ್ತು ದಿನ ಜಮಾಅತಿಗೆ ಹೋಗುವವರ ನೆನಪು ಕೆಲವರಿಗೆ ಬರಬಹುದು. ಸ್ವಂತ ಖರ್ಚು, ಜೊತೆಯಾಗಿ ನಡೆಯುವುದು, ತಾವೇ ಅಡುಗೆ ಮಾಡಿಕೊಳ್ಳುವುದು ಅಲ್ಲಿಯೂ ಇದೆ. ಆದರೆ ಜಮಾಅತಿನವರು ಮುಸ್ಲಿಮರನ್ನೇ ಮಸೀದಿಗೆ ಕರೆಯುತ್ತಾರೆ. ಮಾರ್ಮನ್ ಹುಡುಗ ಇತರರನ್ನು ತನ್ನ ಧರ್ಮಕ್ಕೆ ಕರೆಯುತ್ತಾನೆ. ಈ ವ್ಯತ್ಯಾಸ ತಿಳಿದಿರಲಿ.

ವಿದೇಶದಲ್ಲಿರುವ ನಮ್ಮ ಮಕ್ಕಳಿಗೆ ನಾವು ಹೇಳುವುದು ಇಷ್ಟು. ಉಚಿತ ಇಂಗ್ಲಿಷ್ ತರಗತಿಗೆ ಕರೆದರೆ ಅದನ್ನು ಯಾರು, ಯಾಕೆ ನಡೆಸುತ್ತಾರೆಂದು ತಿಳಿದು ನಿರ್ಧರಿಸಿ. ಧರ್ಮದ ಪಾಠ ಬೇಡವಾಗಿದ್ದರೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಸಂಕೋಚಕ್ಕೆ ಫೋನ್ ನಂಬರ್ ಕೊಟ್ಟು, ಆಮೇಲೆ ಕರೆ ಬಂದಾಗ ಅಡಗಿಕೊಳ್ಳುವುದು ನಿಮಗೂ ಶೋಭೆಯಲ್ಲ, ಆ ಹುಡುಗನಿಗೂ ಅನ್ಯಾಯ. ನೇರವಾದ 'ಬೇಡ' ಅವನಿಗೆ ಹೊಸದೇನಲ್ಲ. ವಾರಗಟ್ಟಲೆ ಕಾಯಿಸಿದ ಸುಳ್ಳು ಆಸೆಯೇ ಅವನಿಗೆ ಹೆಚ್ಚು ನೋವು ಕೊಡುತ್ತದೆ. ವಾದಕ್ಕೆ ಇಳಿಯಬೇಕೆನಿಸಿದರೆ ಮೊದಲು ನಿಮ್ಮ ದೀನನ್ನು ಚೆನ್ನಾಗಿ ಕಲಿತುಕೊಳ್ಳಿ. ಪರಿಹಾಸ್ಯ ಮಾತ್ರ ಬೇಡ.

ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ನಮಗೆ ಬಾಗಿಲಿನ ಶಿಷ್ಟಾಚಾರ ಕಲಿಸಿದ್ದಾನೆ. ಪರರ ಮನೆಗೆ ಅನುಮತಿ ಕೇಳಿ, ಸಲಾಮ್ ಹೇಳಿ ಹೋಗಬೇಕು. ಮರಳಿ ಹೋಗಿ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಮರಳಬೇಕು. ಮೂರು ಬಾರಿ ಅನುಮತಿ ಕೇಳಿ, ಉತ್ತರ ಸಿಗದಿದ್ದರೆ ಹಿಂದಿರುಗಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ತಟ್ಟುವವನಿಗೆ ಇಷ್ಟು ಶಿಸ್ತು ಕಲಿಸಿದ ದೀನ್ ತೆರೆಯುವವನು ಒರಟಾಗಿರಲು ಬಿಡುವುದಿಲ್ಲ. ಬಿಸಿಲಲ್ಲಿ ಸೈಕಲ್ ತುಳಿದು ಬಂದವನಿಗೆ ಒಂದು ಲೋಟ ನೀರು ಕೊಟ್ಟು, ಅವನ ಸಂದೇಶ ನಿಮಗೆ ಬೇಡವಾದರೆ ನಗುಮುಖದಿಂದಲೇ ಬೇಡವೆನ್ನಿ. ನೀರು ಕೊಟ್ಟಿದ್ದರಿಂದ ಯಾರ ಈಮಾನೂ ಕುಂದುವುದಿಲ್ಲ. ಅವನನ್ನೂ ಯಾರೋ ಒಬ್ಬ ತಾಯಿ ಸೋಮವಾರದ ಫೋನಿಗಾಗಿ ಕಾಯುತ್ತಿದ್ದಾಳೆ.

ಹೆತ್ತವರಿಗೂ ಒಂದು ಮಾತು. ಬೇರೆಯವರು ತಮ್ಮ ಹತ್ತೊಂಬತ್ತರ ಮಗನ ಮೇಲೆ ಎಷ್ಟು ಹೊಣೆ ಹೊರಿಸುತ್ತಾರೆಂದು ಓದಿದಿರಿ. ಆ ಹೊರೆಯ ಕೆಲವು ಭಾಗ ಅತಿಯಾದದ್ದು, ಅದನ್ನು ನಾವು ಅನುಸರಿಸಬೇಕಾಗಿಲ್ಲ. ಆದರೆ ಅದೇ ಪ್ರಾಯದ ನಮ್ಮ ಮಗನಿಗೆ ಹೊತ್ತಿಗೆ ಸರಿಯಾಗಿ ಏಳುವುದು, ತನ್ನ ಬಟ್ಟೆ ತಾನೇ ಒಗೆಯುವುದು, ಮೊಬೈಲನ್ನು ಕೆಳಗಿಟ್ಟು ಒಂದು ತಾಸು ಓದುವುದು, ನೆರೆಯ ವೃದ್ಧರಿಗೆ ನೆರವಾಗುವುದು ಸಾಧ್ಯವಿಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆಯೇ? ಈ ವಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದರಲ್ಲಿ ಯಾವುದಾದರೂ ಒಂದು ಹೊಣೆಯನ್ನು ವಹಿಸಿ ನೋಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ದೃಢವಾದ ವಿಶ್ವಾಸವನ್ನೂ ನಮ್ಮ ಬಾಗಿಲುಗಳಿಗೆ ಸೌಜನ್ಯವನ್ನೂ ಕರುಣಿಸಲಿ. ಆಮೀನ್.